ನಾಲ್ಕು ಎಕರೆಗೆ ನಾನೇ ಬರೆದುಕೊಂಡ ನಕ್ಷೆ

ಬದು ಎಲ್ಲಿ ಹಾಕಬೇಕೆಂದು ತಿಳಿಯಲು ಹೊಲದ ಏರಿಳಿತದ ನಕ್ಷೆ ಬೇಕಿತ್ತು. ಹೊಸದುರ್ಗದ ಹತ್ತಿರದ ನಮ್ಮ ಜಮೀನು ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳಲ್ಲಿ, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆಗಳಲ್ಲಿ, 57 ಸಿ/5ರೊಳಗೆ ಬರುತ್ತದೆ. 57 ಸಿ ಎಂಬ ಒಂದು ಡಿಗ್ರಿ ಉದ್ದ, ಒಂದು ಡಿಗ್ರಿ ಅಗಲದ ಚೌಕವನ್ನು 16 ತುಂಡು ಮಾಡಿ, ವಾಯವ್ಯ ಮೂಲೆಯಿಂದ ಕೆಳಗಿಳಿಯುತ್ತ ನಂಬರು ಕೊಟ್ಟಿದ್ದಾರೆ. ಊರಿನ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಹಾಳೆ ಯಾವುದೆಂದು ನೀವೇ ಎಣಿಸಿಕೊಳ್ಳಬಹುದು.

ಹಾಳೆ ಸಿಕ್ಕಿದ ಮೇಲೆ ತೊಡಕು ಶುರು. 1:50,000 ಅಂದರೆ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್. ನಾಲ್ಕು ಎಕರೆ ಅದರಲ್ಲಿ ಎರಡೂವರೆ ಮಿಲಿಮೀಟರಿನ ಚೌಕ. ಒಂದು ಅಕ್ಕಿಕಾಳು ಇಟ್ಟರೆ ಮುಚ್ಚಿಹೋಗುತ್ತದೆ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಬಣ್ಣದ ಸಮೋನ್ನತ ರೇಖೆಗಳು 20 ಮೀಟರ್ ಎತ್ತರಕ್ಕೊಂದು. ನಮ್ಮ ಹೊಲದ ಏರಿಳಿತವೆಲ್ಲ ಎರಡು ಗೆರೆಗಳ ನಡುವಿನ ಖಾಲಿ ಜಾಗದಲ್ಲಿ ಅಡಗಿಬಿಟ್ಟಿತ್ತು.

ಆದರೂ ಮೊದಲು ಟೋಪೋಶೀಟನ್ನೇ ಓದಬೇಕು, ಏಕೆಂದರೆ ನೀರು ಎಲ್ಲಿಂದ ಬರುತ್ತದೆಂಬುದು ಹೊಲದಲ್ಲಿ ನಿಂತರೆ ಕಾಣುವುದಿಲ್ಲ. ಗೆರೆಗಳು ಚೂಪಾಗಿ ಬಾಗಿದ ಕಡೆ ಆ ಚೂಪು ಎತ್ತರದತ್ತ ತೋರಿದರೆ ಹಳ್ಳ, ತಗ್ಗಿನತ್ತ ತೋರಿದರೆ ಏಣು, ಅಂದರೆ ನೀರು ಎರಡೂ ಬದಿಗೆ ಇಳಿಯುವ ದಿಬ್ಬಸಾಲು. ಏಣುಗಳನ್ನು ಪೆನ್ಸಿಲಿನಲ್ಲಿ ಸೇರಿಸುತ್ತ ಹೋದೆ. ಆ ಗೆರೆ ಸುತ್ತುವರಿದ ಜಾಗದೊಳಗೆ ಬಿದ್ದ ಮಳೆಯಲ್ಲಿ ಮಣ್ಣು ಕುಡಿದು ಉಳಿದದ್ದು ನಮ್ಮ ಮೇಲ್ಬದಿಗೇ ಇಳಿಯಬೇಕು. ಕೋಡಿ ಎಷ್ಟು ಅಗಲ ಬಿಡಬೇಕೆಂದು ಯೋಚಿಸಲು ಆ ಪೆನ್ಸಿಲ್ ಗೆರೆಯೇ ಆಧಾರವಾಯಿತು.

ಫೋನಿನ ಜಿಪಿಎಸ್ ಅಂಕಿಗಳನ್ನು ಹಳೆಯ ಹಾಳೆಯ ಮೇಲೆ ನೇರವಾಗಿ ಗುರುತಿಸುವವರು ಅಂಚಿನ ಬರಹ ನೋಡಿಕೊಳ್ಳಿ. ಅಕ್ಷಾಂಶ, ರೇಖಾಂಶ ಎಣಿಸಲು ಇಟ್ಟುಕೊಂಡ ಆಧಾರಕ್ಕೆ ಡೇಟಮ್ ಎನ್ನುತ್ತಾರೆ. ಹಳೆಯವು ಎವರೆಸ್ಟ್ ಡೇಟಮ್, ಫೋನಿನದು ಡಬ್ಲ್ಯುಜಿಎಸ್ 84. ನಮ್ಮ ಭಾಗದಲ್ಲಿ ಇವೆರಡರ ನಡುವೆ ನೂರು–ಇನ್ನೂರು ಮೀಟರ್ ಜರುಗುತ್ತದೆ. ಅಷ್ಟಾದರೆ ಪಕ್ಕದವರ ತೋಟಕ್ಕೆ ಬದು ಹಾಕಿದಂತೆ. 2005ರ ನಕ್ಷಾ ನೀತಿಯ ನಂತರದ ಓಪನ್ ಸೀರೀಸ್ ಹಾಳೆಗಳಲ್ಲಿ ಈ ರಗಳೆ ಇಲ್ಲ.

ಎತ್ತರಕ್ಕಂತೂ ಫೋನನ್ನು ನಂಬಲೇಬೇಡಿ. ಉಪಗ್ರಹ ಲೆಕ್ಕದ ಎತ್ತರ ದೀರ್ಘಗೋಳದಿಂದ, ಅಂದರೆ ಭೂಮಿಗೆ ಗಣಿತದಲ್ಲಿ ಕೊಟ್ಟ ನುಣುಪು ಆಕಾರದಿಂದ, ಅಳೆದದ್ದು, ಹಾಳೆಯದು ಸಮುದ್ರಮಟ್ಟದಿಂದ. ತಿದ್ದುಪಡಿ ಮಾಡದ ಆ್ಯಪ್ ಕರ್ನಾಟಕದಲ್ಲಿ ಎತ್ತರವನ್ನು 80 ಮೀಟರಿಗಿಂತಲೂ ಜಾಸ್ತಿ ತಗ್ಗಿಸಿ ತೋರಿಸುತ್ತದೆ. ತಿದ್ದಿದರೂ ಹಲವು ಮೀಟರ್ ತೂಗಾಡುವ ಅಂಕಿಯಿಂದ ಅರ್ಧ ಮೀಟರಿನ ಗೆರೆ ಎಳೆಯಲಾಗುವುದಿಲ್ಲ.

ಹಾಗಾಗಿ ಡಂಪಿ ಲೆವೆಲ್ ಬಾಡಿಗೆಗೆ ತಂದೆ. ಅದು ಮಟ್ಟವಾಗಿ ನೋಡುವ, ಮುಕ್ಕಾಲಿಯ ಮೇಲಿನ ದೂರದರ್ಶಕ. ಹೊಲಕ್ಕೆ 10 ಮೀಟರಿಗೊಂದರಂತೆ ಚೌಕದಲ್ಲಿ ಗೂಟ ಬಡಿದೆವು. ಬಾವಿಕಟ್ಟೆಯ ಕಲ್ಲಿಗೆ 100.000 ಮೀಟರ್ ಎಂದು ಎತ್ತರ ಕೊಟ್ಟೆ. ಹೊಲದೊಳಗಿನ ಕೆಲಸಕ್ಕೆ ಸಮುದ್ರಮಟ್ಟ ಬೇಕಿಲ್ಲ. ಕಲ್ಲಿನ ಮೇಲೆ ನಿಲ್ಲಿಸಿದ ಸ್ಟಾಫಿನಲ್ಲಿ (ಅಳತೆ ಗುರುತಿನ ಉದ್ದ ಪಟ್ಟಿ) 1.420 ಓದಿದರೆ ದೂರದರ್ಶಕದ ಮಟ್ಟ 101.420. ಒಂದು ಗೂಟದ ಬುಡದಲ್ಲಿ 2.220 ಬಂದರೆ ಅಲ್ಲಿನ ನೆಲ 99.200. ಇಷ್ಟೇ ವಿದ್ಯೆ, ಉಳಿದದ್ದು ಬಿಸಿಲು. ಸ್ಟಾಫ್ ಹಿಡಿದವರು ಅದನ್ನು ಮೆಲ್ಲಗೆ ಹಿಂದೆ ಮುಂದೆ ವಾಲಿಸಲಿ, ಕಾಣುವ ಅತಿ ಕಡಿಮೆ ಅಂಕಿಯೇ ಸರಿ. ಸಂಜೆ ಮತ್ತೆ ಬಾವಿಕಟ್ಟೆಗೆ ಬಂದು ಮುಗಿಸಿ, ಅಲ್ಲಿ 100.000 ಹತ್ತಿರ ಬರದಿದ್ದರೆ ಆ ದಿನದ ಪಟ್ಟಿಯನ್ನು ನಂಬಬಾರದು.

ನಕ್ಷೆಯನ್ನು ಎ3 ಗ್ರಾಫ್ ಹಾಳೆಯಲ್ಲಿ 1:500ಕ್ಕೆ ಕೈಯಿಂದಲೇ ಬರೆದೆ. ಕ್ಯೂಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರ್ ಕ್ಷಣದಲ್ಲಿ ಎಳೆದುಕೊಡುತ್ತದೆ, ನಿಜ. ಆದರೆ ಅದಕ್ಕೆ ಹಳೆಯ ಬದು, ಹುಣಸೆಮರದ ಬುಡದ ದಿಬ್ಬ ಗೊತ್ತಿಲ್ಲ. ಒಂದು ಗೂಟ 99.2, ಪಕ್ಕದ್ದು 98.7 ಇದ್ದರೆ 99.0ರ ಗೆರೆ ಮೊದಲನೆಯದರಿಂದ 4 ಮೀಟರಿಗೆ, ಅಂದರೆ ಹಾಳೆಯಲ್ಲಿ 8 ಮಿಲಿಮೀಟರಿಗೆ. ಹೀಗೆ ಚುಕ್ಕಿ ಇಟ್ಟು ಸೇರಿಸುವಾಗ ಗೆರೆ ವಿಚಿತ್ರವಾಗಿ ತಿರುಗಿದರೆ ಎದ್ದುಹೋಗಿ ಆ ಜಾಗ ನೋಡಿಬರಬಹುದು.

ಇಳಿಜಾರು ಸುಮಾರು ಶೇ. 3 ಬಂತು. ಬದುಗಳ ನಡುವಿನ ಎತ್ತರದ ಅಂತರಕ್ಕೆ ಒಂದು ರೂಢಿಯ ಸೂತ್ರವಿದೆ: ಇಳಿಜಾರಿನ ಶೇಕಡಾವನ್ನು 3ರಿಂದ ಭಾಗಿಸಿ, 2 ಕೂಡಿಸಿ, 0.3ರಿಂದ ಗುಣಿಸುವುದು. ನಮಗೆ 0.9 ಮೀಟರ್, ನೆಲದ ಮೇಲೆ 30 ಮೀಟರಿಗೊಂದು ಬದು. ಕೆಂಪು ಮಣ್ಣು, ಕಡಿಮೆ ಮಳೆಯ ನಮ್ಮಲ್ಲಿ ಬದು ಮಟ್ಟವಾಗಿಯೇ ಇದ್ದರೆ ಸರಿ. ಎರೆಭೂಮಿಯವರು ನೀರು ಹರಿದುಹೋಗುವಂತೆ ತುಸು ಇಳಿಜಾರು ಕೊಡಬೇಕು, ಇಲ್ಲದಿದ್ದರೆ ಬದುವಿನ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತದೆ.

ಜೆಸಿಬಿ ಓಡಿಸುವವರಿಗೆ ಗ್ರಾಫ್ ಹಾಳೆ ತೋರಿಸಿ ಪ್ರಯೋಜನವಿಲ್ಲ. ಬದು ಬರಬೇಕಾದ ಮಟ್ಟವನ್ನು ಲೆವೆಲ್ಲಿನಿಂದಲೇ ಮತ್ತೆ ಹಿಡಿದು, ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಹಾಕಿಕೊಟ್ಟೆ.