ಕೊಡಚಾದ್ರಿ ಯಾತ್ರೆ: ಅನುಭವಕ್ಕೆ ಅಣಿಯಾಗುವ ಬಗೆ

ಪ್ರವಾಸದಲ್ಲಿ ಉಂಟಾಗುವ ಆಧ್ಯಾತ್ಮಿಕ ಅನುಭವವನ್ನು ಸ್ಥಳಮಹಿಮೆಯೊಂದೇ ರೂಪಿಸುವುದಿಲ್ಲ. ದೇಹದ ದಣಿವು, ಜೊತೆಗಾರರು, ಮನಸ್ಸಿನಲ್ಲಿ ಹೊತ್ತು ತಂದ ನಿರೀಕ್ಷೆ ಎಲ್ಲಕ್ಕೂ ಅದರಲ್ಲಿ ಪಾಲಿದೆ. ಹೊಸನಗರ ತಾಲ್ಲೂಕಿನ 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಹೊರಡುವವರು ವಾರಾಂತ್ಯದ ಜನಜಂಗುಳಿಯನ್ನು ತಪ್ಪಿಸಿ, ಅಲ್ಲಿ ಶಂಕರಾಚಾರ್ಯರು ತಪಸ್ಸು ಮಾಡಿದರೆಂಬ ಐತಿಹ್ಯವನ್ನು ಮೊದಲೇ ತಿಳಿದು ಹೋಗುವುದು ಮೇಲು. ಆ ಕಥೆ ಗೊತ್ತಿಲ್ಲದವರಿಗೆ, ಅವರ ಹೆಸರಿನೊಂದಿಗೆ ಬೆಸೆದುಕೊಂಡ ಬೆಟ್ಟದ ತುದಿಯ ಸರ್ವಜ್ಞಪೀಠವು ಬರಿಯ ಸಣ್ಣ ಕಲ್ಲುಮಂಟಪವಾಗಿಯೇ ಕಂಡೀತು. ಜೀಪು ನಿಲ್ಲುವಲ್ಲಿಂದ ಮೇಲಕ್ಕೆ ನಡೆಯುವಾಗ ಮಾತು ನಿಲ್ಲಿಸಿ, ಉಸಿರಿನ ಲಯಕ್ಕೆ ಹೆಜ್ಜೆ ಹೊಂದಿಸಿಕೊಳ್ಳಬೇಕು. ಮಳೆಗಾಲದಲ್ಲಿ ರಕ್ತ ಹೀರುವ ಇಂಬಳ, ಅಂದರೆ ಜಿಗಣೆ, ಹತ್ತುವುದರಿಂದ (ಧ್ಯಾನಕ್ಕೆ ಅದಕ್ಕಿಂತ ದೊಡ್ಡ ವಿಘ್ನವಿಲ್ಲ) ಉಪ್ಪಿನ ಪೊಟ್ಟಣ ಜೊತೆಗಿರಲಿ. ಮಂಟಪದ ಬಳಿ ಮೊಬೈಲನ್ನು ಚೀಲದಲ್ಲಿಟ್ಟು ಅರ್ಧ ಗಂಟೆಯಾದರೂ ಕುಳಿತುಕೊಳ್ಳಿ. ಮಂಜು ಕವಿದು ಏನೂ ಕಾಣದಿದ್ದರೂ ಏಳುವ ಅವಸರ ಬೇಡ. ಬರೆದಿಡುವುದಾದರೆ ಅದೇ ಸಂಜೆ ಬರೆಯಿರಿ, ಏಕೆಂದರೆ ಹತ್ತು ಜನರಿಗೆ ಹೇಳುವಷ್ಟರಲ್ಲಿ ಅನುಭವವು ಕೇಳುಗರಿಗೆ ತಕ್ಕಂತೆ ಬದಲಾಗಿರುತ್ತದೆ.