ನಕ್ಷೆಯ ಅಳತೆ ತಪ್ಪಿದಾಗ ಮೊದಲು ಏಕಮಾನವನ್ನು ನೋಡಿ
ಆಟೋಕ್ಯಾಡ್‌ನಲ್ಲಿ (ಗಣಕದಲ್ಲಿ ನಕ್ಷೆ ಬರೆಯುವ ತಂತ್ರಾಂಶ) ಬೇರೆ ಕಡತದಿಂದ ತಂದ ಚಿತ್ರವು 25.4 ಪಟ್ಟು ಹಿಗ್ಗಿಯೋ ಕುಗ್ಗಿಯೋ ಕಂಡರೆ, ಇಂಚು ಮತ್ತು ಮಿಲಿಮೀಟರ್ ಬೆರೆತಿವೆ ಎಂದು ತಿಳಿಯಬೇಕು. ಯಾವ ಗೆರೆಯನ್ನೂ ತಿದ್ದುವ ಮೊದಲು, ನಿಜವಾದ ಉದ್ದ ಗೊತ್ತಿರುವ ಭಾಗವೊಂದನ್ನು, ಉದಾಹರಣೆಗೆ 900 ಮಿಲಿಮೀಟರ್ ಅಗಲದ ಬಾಗಿಲನ್ನು, ಡಿಸ್ಟ್ ಆದೇಶದಿಂದ ಅಳೆಯಿರಿ; 35.43 ಎಂದು ಬಂದರೆ ಚಿತ್ರವನ್ನು ಇಂಚಿನಲ್ಲಿ ಬರೆಯಲಾಗಿದೆ. ಯೂನಿಟ್ಸ್ ಆದೇಶದಲ್ಲಿ ಏಕಮಾನವನ್ನು ಬದಲಿಸಿದ ಮಾತ್ರಕ್ಕೆ ಈಗಾಗಲೇ ಬರೆದ ಗೆರೆಗಳ ಉದ್ದ ಬದಲಾಗುವುದಿಲ್ಲ (ಹಲವರು ಎಡವುವುದು ಇಲ್ಲಿಯೇ). ಆದ್ದರಿಂದ ಸ್ಕೇಲ್ ಆದೇಶದಿಂದ ಇಡೀ ಚಿತ್ರವನ್ನು 25.4 ಪಟ್ಟು ಹಿಗ್ಗಿಸಿ, ಬಳಿಕ ಏಕಮಾನವನ್ನು ಮಿಲಿಮೀಟರಿಗೆ ಹೊಂದಿಸಿ.

ವ್ಯತ್ಯಾಸ ಕೂದಲೆಳೆಯಷ್ಟೇ ಇದ್ದರೆ ಕಾರಣ ಬೇರೆ. ನಿಖರತೆಯ ಆಯ್ಕೆಯು ತೆರೆಯ ಮೇಲೆ ತೋರುವ ಅಂಕಿಯನ್ನಷ್ಟೇ ಹತ್ತಿರದ ಅಂಕಿಗೆ ದುಂಡಾಗಿಸುವುದರಿಂದ 99.6 ಉದ್ದದ ಗೆರೆಯೂ 100 ಎಂದು ಕಾಣಬಹುದು. ದಶಮಾಂಶ ಸ್ಥಾನಗಳನ್ನು ಹೆಚ್ಚಿಸಿ ನೋಡಿ, ಆಬ್ಜೆಕ್ಟ್ ಸ್ನ್ಯಾಪ್ (ಗೆರೆಯ ತುದಿಯಂಥ ನಿಖರ ಬಿಂದುವನ್ನೇ ಹಿಡಿಯುವ ಸೌಲಭ್ಯ) ಬಳಸಿ ತುದಿಗಳನ್ನು ಕೂಡಿಸಿ. ಅಳತೆಯ ಅಂಕಿಯನ್ನು ಮಾತ್ರ ಕೈಯಾರೆ ಬದಲಿಸಬೇಡಿ. ಗೆರೆಯ ತಪ್ಪು ಹಾಗೆಯೇ ಉಳಿಯುತ್ತದೆ.