ಒಂದು ಪದ ಅಳಿಸಿ ಓದಿಸುವ ಕ್ರಮ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಪ್ರೌಢ ತರಗತಿಗಳಿಗೆ ಇಂಗ್ಲಿಷ್ ಕಲಿಸುವ ನಾನು, ಮಕ್ಕಳ ಮಾತಿನಲ್ಲಿ ನುಸುಳುವ ಪುನರುಕ್ತಿಗಳನ್ನು ನಿಯಮ ಹೇಳಿ ತಿದ್ದುವುದಿಲ್ಲ. ಅವರು ಪರಸ್ಪರ ಆಡಿದ ಇಂಗ್ಲಿಷನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಅನುಮಾನ ಬಂದ ವಾಕ್ಯವನ್ನು ಹಲಗೆಯಲ್ಲಿ ಬರೆದು, ಒಂದು ಪದವನ್ನು ಅಳಿಸಿ ಗಟ್ಟಿಯಾಗಿ ಓದಿಸುತ್ತೇನೆ. ಅರ್ಥ ಕದಲದಿದ್ದರೆ ಆ ಪದ ಅಲ್ಲಿ ಬೇಕಿರಲಿಲ್ಲವೆಂದು ಅವರೇ ಹೇಳುತ್ತಾರೆ.

'ರಿಟರ್ನ್ ಬ್ಯಾಕ್', 'ರಿಪೀಟ್ ಅಗೇನ್' ಎಂಬವು ಎಲ್ಲರ ಬಾಯಲ್ಲೂ ಇವೆ. 'ಹಿಂದಿರುಗಿ ಬಂದ' ಎಂದು ಎರಡು ಕ್ರಿಯೆಗಳನ್ನು ಜೋಡಿಸಿ ಹೇಳುವ ನಮಗೆ, ಪದದ ಮೊದಲಲ್ಲಿರುವ 'ರಿ'ಯೇ ಹಿಂದಕ್ಕೆ ಅಥವಾ ಮತ್ತೆ ಎಂಬ ಅರ್ಥವನ್ನು ಹೊತ್ತಿದೆಯೆಂದು ಕೇಳಿಸುವುದಿಲ್ಲ. 'ಸ್ಮಾಲ್ ಸ್ಮಾಲ್ ಹೌಸಸ್' ಎಂಬುದೂ ಹಾಗೆಯೇ: 'ಸಣ್ಣ ಸಣ್ಣ ಮನೆಗಳು' ಎಂಬಲ್ಲಿ ದ್ವಿರುಕ್ತಿಗೆ ಕೆಲಸವಿದೆ, ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ಬಹುವಚನವೊಂದೇ ಸಾಕು. ಮಾತೃಭಾಷೆಯ ಸಹಜ ರೂಪವನ್ನು ತಪ್ಪೆಂದು ಕರೆಯದೆ ಈ ವ್ಯತ್ಯಾಸವನ್ನು ತೋರಿಸುವುದು ನನಗೆ ಬಹಳ ಮುಖ್ಯ.

ಸಂಕ್ಷೇಪಾಕ್ಷರಗಳನ್ನು ಬಿಡಿಸಿದರೆ ಸಾಕಾಗುತ್ತದೆ. 'ಎಟಿಎಂ ಮೆಷಿನ್' ಎಂಬಲ್ಲಿ ಎಂ ಎಂದರೆ ಮೆಷಿನ್, 'ಎಲ್‌ಪಿಜಿ ಗ್ಯಾಸ್' ಎಂಬಲ್ಲಿ ಜಿ ಎಂದರೆ ಗ್ಯಾಸ್. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್‌ನ ವಿಸ್ತೃತ ರೂಪ 'ಪೋಸ್ಟಲ್ ಇಂಡೆಕ್ಸ್ ನಂಬರ್' ಆಗಿರುವುದರಿಂದ, 'ಪಿನ್ ಕೋಡ್ ನಂಬರ್' ಎನ್ನುವಾಗ ನಂಬರ್ ಎರಡು ಬಾರಿ ಬರುತ್ತದೆ. ಇಂಗ್ಲಿಷ್ ಮನೆಮಾತಾಗಿರುವವರೂ 'ಎಟಿಎಂ ಮೆಷಿನ್' ಎನ್ನುವುದರಿಂದ ಮಾತಿನಲ್ಲಿ ಬಿಟ್ಟು, ಬರವಣಿಗೆಯಲ್ಲಿ ಮಾತ್ರ ತಿದ್ದಿಸುತ್ತೇನೆ.

ಆದರೆ ಅಳಿಸುವ ಮೊದಲು ಯೋಚಿಸಬೇಕಾದ ಪ್ರಯೋಗಗಳೂ ಇವೆ. ಪುಸ್ತಕಗಳು ನಿರಾಕರಿಸುವ 'ಕಸಿನ್ ಬ್ರದರ್' ಎಂಬುದನ್ನು ನಾನು ಪುನರುಕ್ತಿಯೆಂದು ಒಪ್ಪುವುದಿಲ್ಲ. ಕಸಿನ್ ಎಂಬ ಪದ ಗಂಡೋ ಹೆಣ್ಣೋ, ತಂದೆಯ ಕಡೆಯೋ ತಾಯಿಯ ಕಡೆಯೋ ಎಂಬುದನ್ನು ತಿಳಿಸುವುದಿಲ್ಲ. ಚಿಕ್ಕಪ್ಪನ ಮಗನನ್ನು ಅಣ್ಣನೆಂದೂ ಸೋದರಮಾವನ ಮಗನನ್ನು ಭಾವನೆಂದೂ ಕರೆಯುವ ಮನೆಯ ಮಗುವಿಗೆ ಆ ಒಂದು ಪದ ಖಂಡಿತ ಸಾಲದು. ಬ್ರದರ್ ಅಳಿಸಿದರೆ ಅರ್ಥದ ಒಂದಂಶವೇ ಹೋಗುತ್ತದೆ, ಅಂದರೆ ಪದ ಅಳಿಸಿ ನೋಡುವ ನಮ್ಮ ಪರೀಕ್ಷೆಯಲ್ಲೇ ಅದು ಉಳಿಯುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಕಸಿನ್ ಎಂದಷ್ಟೇ ಬರೆಯಿರಿ, ಕೇಳುವವರಿಗೆ ಸಂಬಂಧ ತಿಳಿಯಬೇಕಾದಲ್ಲಿ 'ಮೈ ಅಂಕಲ್ಸ್ ಸನ್' ಎನ್ನಿರಿ ಎಂದು ಹೇಳಿಕೊಡುತ್ತೇನೆ.

ಎರಡು ಪದಗಳಿಗೂ ಉಯಿಲು ಎಂಬ ಅರ್ಥವೇ ಇರುವ 'ವಿಲ್ ಆ್ಯಂಡ್ ಟೆಸ್ಟಮೆಂಟ್'ನಂತಹ ಕಾನೂನಿನ ಜೋಡಿಪದಗಳನ್ನು ನಾವು ಮುಟ್ಟುವುದಿಲ್ಲ. 1066ರಲ್ಲಿ ಫ್ರೆಂಚ್ ಆಡುತ್ತಿದ್ದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಅಲ್ಲಿನ ನ್ಯಾಯವ್ಯವಹಾರದಲ್ಲಿ ಫ್ರೆಂಚ್, ಲ್ಯಾಟಿನ್, ಇಂಗ್ಲಿಷ್ ಒಟ್ಟಿಗೆ ನಡೆದವು, ಹೀಗೆ ಬೇರೆ ಬೇರೆ ಮೂಲದ ಪದಗಳು ಜತೆಯಾಗಿ ನಿಂತವು. ಕನ್ನಡ, ತುಳು, ಮಲಯಾಳಗಳ ನಡುವೆ ಬೆಳೆಯುವ ಕಾಸರಗೋಡಿನ ಮಕ್ಕಳಿಗೆ ಇದು ಬೇಗನೆ ಅರ್ಥವಾಗುತ್ತದೆ.

ಹಿರಿಯ ವಿದ್ಯಾರ್ಥಿಗಳು ಸಂದರ್ಶನಕ್ಕೆ ಸಿದ್ಧರಾಗುವಾಗ, 'ದ ರೀಸನ್ ಈಸ್ ಬಿಕಾಸ್' ಎಂದು ಆರಂಭಿಸುವ ಬದಲು ಬಿಕಾಸ್‌ನಿಂದಲೇ ಉತ್ತರಿಸುವ ಅಭ್ಯಾಸ ಮಾಡಿಸುತ್ತೇನೆ. ವಾಕ್ಯ ಚಿಕ್ಕದಾದಂತೆ, ಮಧ್ಯದಲ್ಲಿ ತಡವರಿಸಿ ನಿಲ್ಲುವುದು ಕಡಿಮೆಯಾಗುತ್ತದೆ.